ಏನೂ ಆಗದಂಗ ನೋಡ್ಕೊಳ್ಳೋ ಕೆಲಸ

ನೇಕಾರರ ಊರಾದ ಗುಳೇದಗುಡ್ಡದಲ್ಲಿ ಕೆಲಸವೆಂದರೆ ಸಂಜೆಗೆ ಇಷ್ಟು ರವಿಕೆ ಖಣ ಮಗ್ಗದಿಂದ ಇಳಿಯಬೇಕು. ಕಣ್ಣಿಗೆ ಕಾಣಬೇಕು, ಕೈಗೆ ಹತ್ತಬೇಕು. ನಾನೋ ವೆಬ್ ಸರ್ವರ್ ಕಾಯುವವನು. “ದಿನಾ ಏನ್ ಮಾಡ್ತೀಪಾ?” ಎಂದವರಿಗೆ “ಏನೂ ಆಗದಂಗ ನೋಡ್ಕೋತೀನಿ” ಅನ್ನುತ್ತೇನೆ. “ಏನೂ ಆಗಲಿಲ್ಲಂದ್ರ ಪಗಾರ ಯಾಕ?” ಎನ್ನುತ್ತಾರೆ.

ಖಣದ ಅಂಗಡಿಯೊಂದರ ಜಾಲತಾಣ ನನ್ನ ಸುಪರ್ದಿಗಿದೆ. ತೇರು, ಆನೆಹೆಜ್ಜೆ ಚಿತ್ತಾರದ ಖಣ ನೋಡಲು ಪುಣೆಯವರು ನಡುರಾತ್ರಿ ಬಂದರೂ ತಾಣ ತೆರೆಯಬೇಕು. ಶೇ. 99.9ರಷ್ಟು ಹೊತ್ತು ತೆರೆದಿದ್ದೇವೆಂದು ಬೀಗಬಹುದು. ಲೆಕ್ಕ ಹಾಕಿದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಬಂದ್! ಇನ್ನೊಂದು 9 ಸೇರಿಸಿದರೆ ಅದು ಸುಮಾರು 53 ನಿಮಿಷಕ್ಕೆ ಇಳಿಯುತ್ತದೆ. ನನ್ನ ಹುಚ್ಚೆಲ್ಲ ಆ ಒಂದು ಒಂಬತ್ತಿನದು.

ಈ ಹುಚ್ಚಿಗೆ ಜೊತೆಗಾರ ಎಂಜಿನ್‌ಎಕ್ಸ್, ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಲೋಕಕ್ಕೆ ಬಿಟ್ಟ ವೆಬ್ ಸರ್ವರ್ ತಂತ್ರಾಂಶ. ಅದರಲ್ಲಿ ನನಗೆ ಬಲು ಪ್ರೀತಿಯದು ರಿಲೋಡ್, ಅಂದರೆ ತಾಣ ನಿಲ್ಲಿಸದೆಯೇ ಬದಲಾದ ಕಾನ್ಫಿಗರೇಶನ್ ಜಾರಿಗೆ ತರುವುದು. ಹಾಸು ಮುಗಿಯುತ್ತ ಬಂದಾಗ ನೇಕಾರರು ಹಳೆಯ ಎಳೆಗಳನ್ನು ಕಿತ್ತೆಸೆಯುವುದಿಲ್ಲ. ಒಂದೊಂದಕ್ಕೂ ಹೊಸ ಎಳೆ ಹೊಸೆದು ಕೆಚ್ಚುತ್ತಾರೆ. ರಿಲೋಡ್ ಕೂಡ ಹಾಗೆಯೇ. ಹೊಸ ವರ್ಕರ್ ಪ್ರಕ್ರಿಯೆಗಳು ಎದ್ದು ಹೊಸಬರನ್ನು ನೋಡಿಕೊಳ್ಳುತ್ತವೆ. ಹಳೆಯವು ಕೈಲಿದ್ದ ಕೆಲಸ ಮುಗಿಸಿ ತಾವಾಗಿ ಹೊರಡುತ್ತವೆ. ಪುಟ ನೋಡುತ್ತಿದ್ದವರಿಗೆ ಸುಳಿವೇ ಇಲ್ಲ. ಅದಕ್ಕೂ ಮೊದಲು ‘ಎಂಜಿನ್‌ಎಕ್ಸ್ -ಟಿ’ ಎಂಬ ಪರೀಕ್ಷೆಯ ಶಾಸ್ತ್ರ ಮುಗಿಸಬೇಕು. ಕಾನ್ಫಿಗರೇಶನ್ ಕಡತದಲ್ಲಿ ಒಂದು ಅರ್ಧವಿರಾಮ ತಪ್ಪಿದ್ದರೂ ಅದು ಸಾಲಿನ ಸಂಖ್ಯೆ ಸಮೇತ ತಗಾದೆ ತೆಗೆಯುತ್ತದೆ.

ಸರ್ವರ್ ಕೆಡವುವ ಕಾರಣಗಳು ಬಹಳ ಸಲ ನಾಚಿಕೆಪಡುವಷ್ಟು ಸಣ್ಣವು. ಲೆಟ್ಸ್ ಎನ್‌ಕ್ರಿಪ್ಟ್ ನೀಡುವ ತಾಣದ ಸುರಕ್ಷತಾ ಪ್ರಮಾಣಪತ್ರದ ಆಯುಷ್ಯ ಹೆಚ್ಚೆಂದರೆ 90 ದಿನ. ನವೀಕರಣವನ್ನು ನೆನಪಿಗೆ ಬಿಡದೆ ಟೈಮರ್‌ಗೆ ವಹಿಸಬೇಕು. ಲಾಗ್ ಬೆಳೆದು ಡಿಸ್ಕ್ ತುಂಬದಂತೆ ಲಾಗ್‌ರೊಟೇಟ್ ಬೇಕು, ಸತ್ತ ಪ್ರಕ್ರಿಯೆಯನ್ನು ಎಬ್ಬಿಸಲು ಸಿಸ್ಟಂಡಿ ಬೇಕು. ಎಂಜಿನ್‌ಎಕ್ಸ್ ಬೆನ್ನಿಗೆ ತಾಣ ನಡೆಸುವ ಎರಡು ಬ್ಯಾಕೆಂಡ್ ಸರ್ವರ್ ಇದ್ದರೆ ಇನ್ನೂ ಹಗುರ: ಒಂದು ಉತ್ತರಿಸದಿದ್ದರೆ ಎಂಜಿನ್‌ಎಕ್ಸ್ ಹತ್ತು ಸೆಕೆಂಡು ಅದರತ್ತ ತಿರುಗಿಯೂ ನೋಡದೆ ಬಂದವರನ್ನು ಇನ್ನೊಂದಕ್ಕೆ ಕಳಿಸುತ್ತದೆ. ಇಷ್ಟಾದರೂ ಕಾವಲು ಮಾತ್ರ ಬೇರೆ ಯಂತ್ರದಲ್ಲೇ ಇರಬೇಕು. ಬಿದ್ದದ್ದು ತಾನೇ ಎದ್ದು ಬಂದು ‘ಬಿದ್ದೆ’ ಎಂದು ಹೇಳೀತೆ?

ಇದೆಲ್ಲ ಕೂಡಿಸಿಟ್ಟ ಮೇಲೆ ನಿಜವಾದ ಮೋಜು ಶುರು. ಹಬ್ಬದ ಗಿರಾಕಿ ಏರುವ ಮುನ್ನ, ಬೇಕೆಂತಲೇ ಒಂದು ಬ್ಯಾಕೆಂಡ್ ಕೆಡವುತ್ತೇನೆ. ಫೋನಿನಲ್ಲಿ ತಾಣ ತೆರೆದರೆ ಆನೆಹೆಜ್ಜೆ ಎಂದಿನಂತೆ ಮೂಡುತ್ತದೆ. ಅಂಗಡಿಯವರಿಗೆ ಈ ಆಟ ಹೇಳಿಲ್ಲ. ಹೇಳಿದರೆ ಅವರಿಗೆ ನಿದ್ದೆ ಬರದು. ಆಡದಿದ್ದರೆ ನನಗೆ ಬರದು.