ಅಮ್ಮನ ಬೀಡಿನ ಕಾವಲಿ

ಊರು ಬಿಟ್ಟು ಮುಂಬಯಿ ಸೇರಿದ ನಮ್ಮಂಥವರ ಮನೆಗಳಲ್ಲಿ ಹಳೆಯದೊಂದು ಬೀಡಿನ ಕಾವಲಿ ಎಲ್ಲಾದರೂ ಇದ್ದೇ ಇರುತ್ತದೆ. ಕೆಲವರು ಕಾವಲಿ ಎನ್ನುತ್ತಾರೆ, ಕೆಲವರು ಹಂಚು ಎನ್ನುತ್ತಾರೆ. ಹೆಸರು ಯಾವುದಾದರೇನು, ತುಕ್ಕಿಗೆ ಆ ಭೇದವಿಲ್ಲ.

ನಮ್ಮ ಪಾಲಿಗೆ ಬಂದದ್ದು ಅಮ್ಮನ ಕಾವಲಿ. ಅಮ್ಮ ತೀರಿಕೊಂಡ ಮೇಲೆ ಊರಿನ ಮನೆ ಮಾರಾಟವಾಯಿತು. ಪಾತ್ರೆ ಹಂಚಿಕೊಳ್ಳುವಾಗ ತಾಮ್ರ, ಹಿತ್ತಾಳೆಗಳನ್ನು ಕೇಳುವವರಿದ್ದರು, ಕಾವಲಿಯನ್ನು ಕೇಳುವವರಿರಲಿಲ್ಲ. 2 ವರ್ಷ ಒಲೆ ಕಾಣದೆ ಅದರ ಮೈಯೆಲ್ಲ ಕೆಂಪಾಗಿತ್ತು. "ಭಂಗಾರಕ್ಕೆ ಹಾಕಿ" ಎಂದರು ನೆರೆಯವರು. ಈ ಊರಿನಲ್ಲಿ ಭಂಗಾರವೆಂದರೆ ಚಿನ್ನವಲ್ಲ, ಗುಜರಿ ಎಂಬುದು ಓದುಗರಿಗೆ ಗೊತ್ತೇ ಇದೆ. ಆದರೆ ಅಮ್ಮ ದಿನವೂ ಮುಟ್ಟಿದ ವಸ್ತುವೆಂದು ನಮಗೆ ಉಳಿದಿದ್ದುದು ಅದೊಂದೇ.

ಬೀಡು ಎಂದರೆ ಎರಕದ ಕಬ್ಬಿಣ. ಅದರಲ್ಲಿ ಇಂಗಾಲ ನೂರಕ್ಕೆ 2 ಭಾಗಕ್ಕಿಂತ ಹೆಚ್ಚು. ಆದ್ದರಿಂದಲೇ ಬಿದ್ದರೆ ಒಡೆಯುತ್ತದೆ, ಕಾದಾಗ ತಣ್ಣೀರು ಸುರಿದರೆ ಬಿರಿಯುತ್ತದೆ. ಬಿರುಕಿಗೆ ಮನೆಮದ್ದಿಲ್ಲ, ತುಕ್ಕಿಗೆ ಉಂಟು. ಮೊದಲು ಗೆಣ್ಣಿನಿಂದ ತಟ್ಟಿ ನೋಡಿದೆವು. ಗಂಟೆಯಂತೆ ದನಿ ಬಂತು, ಕಾವಲಿ ಇಡಿಯಾಗಿತ್ತು.

ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸಿ ಅರ್ಧ ಗಂಟೆ ನೆನೆಹಾಕಿದೆವು. ಹುಣಿಸೆಯ ರಸವೂ ಆದೀತು. ರಾತ್ರಿಯಿಡೀ ಬಿಡಬಾರದು, ತುಕ್ಕು ಮುಗಿದ ಮೇಲೆ ಹುಳಿ ಕಬ್ಬಿಣವನ್ನೇ ತಿನ್ನತೊಡಗುತ್ತದೆ. ಕಬ್ಬಿಣದ ನಾರಿನಿಂದ ತಿಕ್ಕಿ ತೊಳೆದು ಕೂಡಲೇ ಒಲೆಯ ಮೇಲಿಟ್ಟು ಆರಿಸಿದೆವು. ತಡಮಾಡಿದರೆ ಮತ್ತೆ ಕೆಂಪಾಗುತ್ತದೆ. ಮುಂಬಯಿಯ ಮಳೆಗಾಲದಲ್ಲಂತೂ ಕೇಳಬೇಡಿ!

ಆಮೇಲೆ ಪಳಗಿಸುವ ಕೆಲಸ. ಎಣ್ಣೆ ಸವರಿ, ಸವರಿದ್ದೇ ಇಲ್ಲವೆಂಬಂತೆ ಒರೆಸಿ, ಹೊಗೆಯಾಡುವವರೆಗೆ ಕಾಯಿಸಬೇಕು. ಆರಿದ ಮೇಲೆ ಮತ್ತೊಮ್ಮೆ. ನಾವು 5 ಸಲ ಮಾಡಿದೆವು. ಕಾವಿಗೆ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಎಣ್ಣೆ ಹೆಚ್ಚಾದರೆ ಅಂಟಾಗಿಯೇ ಉಳಿಯುತ್ತದೆ. ಇದಕ್ಕೆ ತೆಂಗಿನೆಣ್ಣೆಗಿಂತ ಸೂರ್ಯಕಾಂತಿ ಎಣ್ಣೆ ಮೇಲು.

ಅಮ್ಮನಿಗೆ ಈ ಶಾಸ್ತ್ರವೆಲ್ಲ ಬೇಕಿರಲಿಲ್ಲ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ, ಪ್ರತಿ ದೋಸೆಗೂ ಮುಂಚೆ ಉಜ್ಜುತ್ತಿದ್ದರು. 30 ವರ್ಷದ ಆ ಉಜ್ಜುವಿಕೆಯೇ ಕಾವಲಿಯ ಕರಿ ಹೊಳಪಾಗಿತ್ತು. ತುಕ್ಕನ್ನು ತೆಗೆಯುವಾಗ ಅಳಿದುಳಿದ ಆ ಹೊಳಪೂ ಹೋಗಬೇಕಾಯಿತು, ಬೇರೆ ದಾರಿಯಿರಲಿಲ್ಲ. ತಿಕ್ಕುವ ಕೈ ಸ್ವಲ್ಪ ಹೊತ್ತು ನಿಂತದ್ದೂ ನಿಜ. ಈಗ ಮೇಲಿನ ಪೊರೆ ನಮ್ಮದು, ಒಳಗಿನ ಕಬ್ಬಿಣ ಅಮ್ಮನದು.

ಮೊದಲ 3 ದೋಸೆಗಳು ಅಂಟಿಕೊಂಡವು. ನಾಲ್ಕನೆಯದು ಅಂಚು ಬಿಟ್ಟು ತಾನಾಗಿಯೇ ಎದ್ದಿತು. ಅಜ್ಜಿಯ ದೋಸೆಯ ನೆನಪಿಲ್ಲದ ಮಕ್ಕಳು ಈಗ ತಾವೇ ಈರುಳ್ಳಿ ಹಿಡಿದು ಉಜ್ಜುತ್ತಾರೆ. ಹೊಸ ಪೊರೆ ಬಲಿಯುವ ತನಕ ಹುಳಿ ಅಡಿಗೆಗೆ ಕಾವಲಿಯನ್ನು ಬಳಸಬೇಡಿ. ತೊಳೆದಾಗಲೆಲ್ಲ ಬಿಸಿಮಾಡಿ ಒಂದು ಹನಿ ಎಣ್ಣೆ ಸವರಿಡಿ. ದಿನವೂ ದೋಸೆ ಹುಯ್ಯಲು ಈ ನಗರದಲ್ಲಿ ಯಾರಿಗೂ ಬಿಡುವಿಲ್ಲ, ಭಾನುವಾರಕ್ಕೊಮ್ಮೆಯಾದರೂ ಸಾಕು.