ಕಕ್ಕಡದ ಪುಟಗಳು

ಜುಲೈ 6, 2025, ಭಾನುವಾರ. ಶ್ರೀಮಂಗಲ

ಟಿವಿ ತುಂಬ ಹಾಸನದ ಹೃದಯಾಘಾತಗಳದ್ದೇ ಸುದ್ದಿ. ಗಾಬರಿ ಬಿದ್ದ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲುಗಟ್ಟಿದ್ದಾರೆ. ಅಪ್ಪ ನೋಡಿ ನಕ್ಕರು. "ನನ್ನ ಕಾಯಿಲೆ ಟಿವಿಗೆ ಬರಲ್ಲ, ಬಹಳ ನಿಧಾನ."

ನಿಜವೇ. ಎದೆ ಹಿಡಿದುಕೊಂಡು ಬಂದವರಿಗೆ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ, ಹೆಪ್ಪು ಕರಗಿಸುವ ದುಬಾರಿ ಸೂಜಿಯನ್ನು ಪುಕ್ಕಟೆ ಕೊಡುತ್ತಾರೆ. ಒಳ್ಳೆಯದೇ. ಆದರೆ ಎಂದೋ ಆದ ಆಘಾತದಿಂದ ಬದುಕಿ ಬಂದು, ಈಗ ದಿನಾ ಇಷ್ಟಿಷ್ಟೇ ಸೋಲುತ್ತಿರುವ ಹೃದಯಕ್ಕೆ? ಎಕೋ ವರದಿಯಲ್ಲಿ ಅಪ್ಪನ ಪಂಪಿಂಗ್ 20 ಪರ್ಸೆಂಟ್. ನೋಡಲು ಬಂದ ನೆಂಟರು ಅದನ್ನು ಪರೀಕ್ಷೆಯ ಅಂಕದ ಹಾಗೆ ಕೇಳಿಸಿಕೊಂಡು, ಇನ್ನು 80 ಎಲ್ಲಿ ಹೋಯಿತು ಅನ್ನುತ್ತಾರೆ. ಗಟ್ಟಿ ಹೃದಯದ್ದೂ 100 ಇರುವುದಿಲ್ಲ, 55–60 ಇದ್ದರೆ ಚೆನ್ನಾಗಿದೆ ಎಂದೇ ಲೆಕ್ಕ. ಹೇಳಿ ಹೇಳಿ ಸಾಕಾಗಿದೆ.

ಕಳೆದ ಸಲ ದೊಡ್ಡ ಆಸ್ಪತ್ರೆಯೊಂದರಲ್ಲಿ, "ಇನ್ನೇನೂ ಮಾಡಲಿಕ್ಕಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಅಂದರು. ಮಾಡಲಿಕ್ಕೆ ಎಷ್ಟಿದೆ ಎನ್ನುವುದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಜುಲೈ 18, ಶುಕ್ರವಾರ

ನಿನ್ನೆಗೆ ಕೊಡವರ ಕಕ್ಕಡ ತಿಂಗಳು ಹುಟ್ಟಿತು. ಮಳೆ ಬಿಟ್ಟೇ ಇಲ್ಲ.

ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದು, ಕಾಫಿ ಕುಡಿಯುವ ಮೊದಲು ಅಪ್ಪ ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ. ಗೋಡೆ ಕ್ಯಾಲೆಂಡರಿನಲ್ಲಿ ಅವ್ವ ಹಾಲಿನ ಲೆಕ್ಕ ಬರೆಯುತ್ತಿದ್ದ ಚೌಕದಲ್ಲಿ ಈಗ ಅಪ್ಪನ ಕಿಲೋ. 58.2, 58.6, ಇವತ್ತು 60.1. ತಿಂದಿದ್ದರಿಂದ ಏರಿದ್ದಲ್ಲ, ಎರಡು ದೋಸೆ ತಿನ್ನುವುದೇ ಕಷ್ಟ. ಒಳಗೆ ನೀರು ತುಂಬುತ್ತಿದೆ. ಕಣಕಾಲನ್ನು ಬೆರಳಲ್ಲಿ ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯುತ್ತದೆ. ರಾತ್ರಿ ಮೂರು ದಿಂಬಿಗೆ ಒರಗಿಯೇ ನಿದ್ದೆ.

ಗೋಣಿಕೊಪ್ಪದ ಡಾಕ್ಟರಿಗೆ ಫೋನ್ ಮಾಡಿದೆ. ತೂಕ ಹೀಗೆ ಏರಿದಾಗ ನೀರು ಇಳಿಸುವ ಲಾಸಿಕ್ಸ್ ಎಷ್ಟು ಹೆಚ್ಚಿಸಬೇಕು, ಯಾವಾಗ ಕರೆ ಮಾಡಬೇಕು ಎಂದು ಚೀಟಿಯಲ್ಲೇ ಬರೆದುಕೊಟ್ಟಿದ್ದಾರೆ. ಈ ವರ್ಷ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ವೈದ್ಯಕೀಯ ಅದೊಂದು ಚೀಟಿ. ಅದಿಲ್ಲದಾಗ ಉಸಿರು ಕಟ್ಟಿದರೆ ಆಂಬುಲೆನ್ಸ್, ಹುಣಸೂರು ದಾಟಿ ಮೈಸೂರು, ಐಸಿಯು, ನೀರು ಇಳಿಸಿ ಮನೆಗೆ. ಮತ್ತೆ ಅದೇ.

ಜುಲೈ 21, ಸೋಮವಾರ

ಮರ ಬಿದ್ದು ತಂತಿ ಹರಿದು ಶನಿವಾರದಿಂದ ಕರೆಂಟಿಲ್ಲ. ಬಾಡಿಗೆಗೆ ತಂದ ಆಕ್ಸಿಜನ್ ಯಂತ್ರ ಮೂಲೆಯಲ್ಲಿ ಸುಮ್ಮನೆ ಕೂತಿದೆ, ಇನ್ವರ್ಟರ್ ಅದನ್ನು ಎಷ್ಟು ಹೊತ್ತು ತಾಳೀತು? ಇದನ್ನು ಕೊಡಗಿನ ಮಳೆಗಾಲ ಕಂಡವರು ಯಾರೂ ಕಂಡುಹಿಡಿದಿರಲಾರರು.

ನಡುರಾತ್ರಿ ಅಪ್ಪ ಎದ್ದು ಕೂತರು. ಅವ್ವ ಅಡಿಕೆ ಹಾಳೆಯ ಬೀಸಣಿಗೆ ಹಿಡಿದು ಮುಖಕ್ಕೆ ಬೀಸುತ್ತ ಹೋದಳು. ಕಾಲು ಗಂಟೆಗೆ ಉಸಿರು ಹದಕ್ಕೆ ಬಂತು. ಸಮಾಧಾನಕ್ಕೆ ಬೀಸುತ್ತಾಳೆ ಅಂತ ನಾನು ಅಂದುಕೊಂಡಿದ್ದೆ.

ಜುಲೈ 25, ಶುಕ್ರವಾರ

ಎಸ್ಟೇಟಿನ ರೈಟರ್ ಕೇರಳದ ತೋಲ್ಪೆಟ್ಟಿಯವರು. ಅವರ ಅಮ್ಮನಿಗೂ ಇದೇ ಕಾಯಿಲೆ. ಅಲ್ಲಿ ಪಂಚಾಯತಿಯ ಪ್ಯಾಲಿಯೇಟಿವ್ ನರ್ಸ್ ಚೀಲ ಹಿಡಿದು ಮನೆಗೇ ಬರುತ್ತಾರಂತೆ. ಕಾಲು ನೋಡಿ, ಬಿಪಿ ನೋಡಿ, ಬೆನ್ನಿನಲ್ಲಿ ಹುಣ್ಣಾಗಿದೆಯೇ ನೋಡಿ, ಕೊನೆಗೆ ರೈಟರನ ಹೆಂಡತಿಯನ್ನು ಕೂರಿಸಿಕೊಂಡು "ನೀವು ರಾತ್ರಿ ಮಲಗುತ್ತೀರಾ?" ಅಂತ ಕೇಳುತ್ತಾರಂತೆ. ನಮ್ಮನ್ನು ಇದುವರೆಗೆ ಯಾರೂ ಕೇಳಿಲ್ಲ.

ರೈಟರ್ ನನ್ನನ್ನು ಆ ನರ್ಸ್ ಜೊತೆ ಫೋನಿನಲ್ಲಿ ಮಾತಾಡಿಸಿದರು. ಬೀಸಣಿಗೆ ವಿಷಯ ಹೇಳಿದ್ದಕ್ಕೆ, ಮೂಗು ಕೆನ್ನೆಗೆ ತಣ್ಣನೆ ಗಾಳಿ ತಾಗಿದರೆ ಉಸಿರಾಟದ ಸಂಕಟ ನಿಜಕ್ಕೂ ತಗ್ಗುತ್ತದೆ, ತಾವೂ ಅದನ್ನೇ ಹೇಳಿಕೊಡುವುದು ಅಂದರು. ಅವ್ವನಿಗೆ ತಿಳಿಸಿದೆ. "ಅದಕ್ಕೆ ಓದಬೇಕಾ?" ಅಂದಳು.

ಕುಟ್ಟದ ಗೇಟು ದಾಟಿದರೆ ತಿರುನೆಲ್ಲಿ ಪಂಚಾಯತಿ. ಮಳೆ ಅದೇ, ಕಾಫಿ ಅದೇ, ಆನೆ ಕಾಟವೂ ಅದೇ. ಕೇರಳ 2008ರಲ್ಲೇ ಈ ಪ್ಯಾಲಿಯೇಟಿವ್, ಅಂದರೆ ಉಪಶಾಮಕ, ಆರೈಕೆಗೊಂದು ನೀತಿ ಮಾಡಿ ಪಂಚಾಯತಿಗಳ ಕೈಗೆ ಕೊಟ್ಟಿತು. ನಮ್ಮ ರಾಜ್ಯದಲ್ಲೂ ಕಾಗದದ ಮೇಲೆ ನೀತಿ ಇದೆ. ಇಲ್ಲಿ ಉಪಶಾಮಕ ಆರೈಕೆ ಅಂದ ಕೂಡಲೇ ಜನ "ಕ್ಯಾನ್ಸರಾ?" ಅನ್ನುತ್ತಾರೆ. ಬೆಂಗಳೂರಿನ ಕರುಣಾಶ್ರಯದಂಥ ಹೆಸರಾದ ಜಾಗಗಳು ಹುಟ್ಟಿದ್ದು ಕ್ಯಾನ್ಸರ್ ರೋಗಿಗಳಿಗಾಗಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಈ ಆರೈಕೆ ಬೇಕಾದ ವಯಸ್ಕರಲ್ಲಿ ಹೃದಯ, ರಕ್ತನಾಳದ ಕಾಯಿಲೆಯವರು 38.5%, ಕ್ಯಾನ್ಸರಿನವರು 34%. ತಿರುವನಂತಪುರದಲ್ಲಿ 2013ರಲ್ಲಿ ನೋಂದಾಯಿಸಿದ 1205 ಹೃದಯ ವೈಫಲ್ಯದ ರೋಗಿಗಳಲ್ಲಿ ಐದು ವರ್ಷದೊಳಗೆ 59% ಮಂದಿ ತೀರಿಕೊಂಡಿದ್ದರು. ಎಷ್ಟೋ ಕ್ಯಾನ್ಸರ್‌ಗಳೇ ವಾಸಿ. ಆದರೂ ಹೃದಯದವರಿಗೆ ಇದನ್ನು ಬಾಯಿಬಿಟ್ಟು ಹೇಳುವವರಿಲ್ಲ. ಇವತ್ತು ಕುಸಿದು ನಾಳೆ ಚೇತರಿಸಿಕೊಳ್ಳುತ್ತಾರಲ್ಲ, ಹೇಳುವ ಮುಹೂರ್ತವೇ ಕೂಡಿಬರುವುದಿಲ್ಲ.

ಆಗಸ್ಟ್ 3, ಭಾನುವಾರ

ಕಕ್ಕಡ ಹದಿನೆಂಟು. ಅವ್ವ ಮದ್ದು ಸೊಪ್ಪು ಕುದಿಸಿ ನೇರಳೆ ಬಣ್ಣದ ಪಾಯಸ ಮಾಡಿದಳು. ಅಪ್ಪನಿಗೆ ದಿನಕ್ಕೆ ಎಲ್ಲ ಸೇರಿ ಒಂದೂವರೆ ಲೀಟರ್ ದ್ರವ. ಪಾಯಸವೂ ಅದರಲ್ಲೇ ಸೇರಬೇಕು ಅಂದೆ. ಮಧ್ಯಾಹ್ನದ ಚಹಾ ಬಿಟ್ಟುಕೊಟ್ಟು ಒಂದು ಬಟ್ಟಲು ತಿಂದರು. ಸೊಪ್ಪಿನ ಬಣ್ಣ ಮೂತ್ರಕ್ಕೂ ಇಳಿಯುತ್ತದೆ. ಸಂಜೆ ಬಚ್ಚಲಿನಿಂದ ಬಂದು, "ಕೆಂಪಗೆ ಹೋಯಿತು, ಲಾಸಿಕ್ಸ್‌ಗೆ ಈ ಬಣ್ಣ ಬರುತ್ತಾ?" ಎಂದರು. ಪಂದಿಕರಿಗೆ ಉಪ್ಪು ಕಡಿಮೆ ಹಾಕಿದ್ದಕ್ಕೆ ಮಾತ್ರ ಅವ್ವನ ಮೇಲೆ ಇನ್ನೂ ಸಿಟ್ಟು.

ಆಗಸ್ಟ್ 12, ಮಂಗಳವಾರ

ಅಪ್ಪ ತಾವಾಗಿಯೇ ವಿಷಯ ತೆಗೆದರು. ಇನ್ನು ಮೈಸೂರಿಗೆ ಬೇಡ, ಬಾಯಿಗೆ ಕೊಳವೆ ಬೇಡ, ಬರೆದಿಡು ಎಂದರು. ಹೀಗೆ ಮುಂಚೆಯೇ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದಾಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಿಂದ ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಇದೇ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಆದೇಶ ಹೊರಡಿಸಿದೆ.

ಬರೆದು ಓದಿ ಹೇಳಿದೆ. ಕೇಳಿಸಿಕೊಂಡು, "ಬೇಡದ್ದೆಲ್ಲ ಬಂತು. ಆ ರಾತ್ರಿ ಉಸಿರು ಸಿಗದಿದ್ದರೆ ಏನು ಕೊಡುತ್ತೀರಿ, ಅದನ್ನೂ ಬರೆ" ಅಂದರು. ಏನು ಬರೆಯಲಿ? ಬೇರೆಲ್ಲ ಮದ್ದು ಸೋತಾಗ ಸಂಕಟ ತಗ್ಗಿಸಲು ಸಣ್ಣ ಪ್ರಮಾಣದ ಮಾರ್ಫಿನ್ ಕೊಡುವುದುಂಟು. 2014ರಲ್ಲಿ ಮಾದಕವಸ್ತು ಕಾಯ್ದೆಯನ್ನು ಸಡಿಲಿಸಿದ ಮೇಲೂ ಅದನ್ನು ಇಡಲು ಆಸ್ಪತ್ರೆಗೆ ಮಾನ್ಯತೆ ಬೇಕು, ಕೊಡಲು ಪಳಗಿದ ಡಾಕ್ಟರು ಬೇಕು, ಕಾಡುಮೂಲೆಯ ಮನೆಗೆ ಬಂದು ನೋಡುವವರೂ ಬೇಕು. ಬೇಡ ಅನ್ನುವ ಹಕ್ಕಿಗೆ ವಿರಾಜಪೇಟೆಯ ನೋಟರಿ ಸಾಕು, ಇದಕ್ಕೆ ಯಾರ ಹತ್ತಿರ ಹೋಗಲಿ? ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಪೊನ್ನಂಪೇಟೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಬೇರೆಯೇ ಒಂದು ಅರ್ಜಿ ಬರೆದೆ: ವಾರಕ್ಕೊಮ್ಮೆ ಮನೆಗೆ ಬರುವ ಒಬ್ಬ ನರ್ಸ್ ಬೇಕು, ಅಪ್ಪನಿಗೊಬ್ಬರಿಗೇ ಅಲ್ಲ.

ಸಾಕ್ಷಿಗೆ ಮೇಲಿನ ಮನೆಯವರು ಒಪ್ಪಿದ್ದಾರೆ. ಇನ್ನೊಬ್ಬರು ನಾಟಿ ಮುಗಿಯಲಿ ಅಂದರು. ಗುರುವಾರ ಮತ್ತೆ ಹೋಗಿ ಕೇಳಬೇಕು.