ಕಾವು ಕುಂತ ಕೋಳಿ

ದೀಪಾವಳಿ ಮುಗಿದು ಹಿಂಗಾರಿ ಜೋಳ ಮೊಳಕಾಲುದ್ದ ಆಗುವ ಹೊತ್ತಿಗೆ ನಮ್ಮ ಹಿತ್ತಲಲ್ಲಿ ಯಾವುದಾದರೊಂದು ಕೋಳಿ ಬುಟ್ಟಿ ಬಿಟ್ಟು ಏಳದಂತೆ ಕೂತುಬಿಡುತ್ತದೆ. ಹತ್ತಿರ ಹೋದರೆ ಪುಕ್ಕ ಕೆದರಿ ಗುರುಗುಟ್ಟುತ್ತದೆ. ಹೊಟ್ಟೆಯ ಕೆಳಗೆ ಕೈ ತೂರಿಸಿದರೆ ಜ್ವರ ಬಂದವರ ಮೈಯಷ್ಟು ಬಿಸಿ. ಇಷ್ಟು ಕಂಡ ದಿನ ನನಗೆ ಊಟ ಒಂದು ತುತ್ತು ಹೆಚ್ಚೇ ಸೇರುತ್ತದೆ. ಕೋಳಿ ಸಾಕುವವರು ತತ್ತಿಯ ಲೆಕ್ಕ ಹೇಳುತ್ತಾರೆ, ಹುಂಜದ ತೂಕ ಹೇಳುತ್ತಾರೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಪ್ರೀತಿ ಕಾವಿನ ಮೇಲೆ.

ತವರು ಕಲಘಟಗಿಯ ಕಡೆ, ಹಂಚಿನ ಮನೆ, ಭತ್ತದ ಗದ್ದೆ. ಕೊಟ್ಟಿದ್ದು ನವಲಗುಂದ ತಾಲೂಕಿನ ಎರಿ ಭೂಮಿಗೆ, ಮಣ್ಣಿನ ಮಾಳಗಿ ಮನೆಗೆ. ಮಳೆ, ಮಣ್ಣು, ಬೆಳೆ ಎಲ್ಲ ಬೇರೆಯಾದರೂ ಕಾವಿಗೆ ಕೂಡಿಸುವ ರೀತಿ ಅವ್ವ ಕಲಿಸಿದ್ದೇ. ಬುಟ್ಟಿಯ ತಳಕ್ಕೆ ಒಲೆಯ ಬೂದಿ ಹರವಬೇಕು, ಹೇನು ಹತ್ತುವುದಿಲ್ಲ. ಮೇಲೆ ಒಂದು ಹಿಡಿ ಬೇವಿನ ಎಲೆ, ಅದರ ಮೇಲೆ ಮೆತ್ತಗಿನ ಹೊಟ್ಟು. "ಬೆಸ ಇಡವ್ವಾ, ಸರಿ ಇಡಬ್ಯಾಡ" ಎನ್ನುತ್ತಿದ್ದಳು. ಸಿಡಿಲಿನ ಸದ್ದಿಗೆ ತತ್ತಿ ಕೆಡಬಾರದೆಂದು ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ ಬದಿಗೆ ಸಿಗಿಸುತ್ತಿದ್ದಳು. ನಾನೂ ಸಿಗಿಸುತ್ತೇನೆ. ಅವ್ವ ಮಾಡುತ್ತಿದ್ದಳೆಂಬ ಕಾರಣ ನನಗೆ ಸಾಕು.

ಮುಂದಿನ 21 ದಿನ ಕೋಳಿಯದು ತಪಸ್ಸು. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ತಿಂದು, ನೀರು ಕುಡಿದು, ಬೂದಿಗುಂಡಿಯಲ್ಲಿ ಹೊರಳಾಡಿ, ತತ್ತಿ ತಣ್ಣಗಾಗುವ ಮೊದಲೇ ಓಡಿಬಂದು ಕೂತುಕೊಳ್ಳುತ್ತದೆ. ಕೂತಲ್ಲೇ ಕೊಕ್ಕಿನಿಂದ ಒಂದೊಂದೇ ತತ್ತಿಯನ್ನು ಹೊರಳಿಸುತ್ತದೆ, ಅಂಚಿನದನ್ನು ನಡುವೆ ಎಳೆದುಕೊಳ್ಳುತ್ತದೆ. ಹೊರಳಿಸದಿದ್ದರೆ ಒಳಗಿನ ಮರಿ ಪರೆಗೆ ಅಂಟಿಕೊಳ್ಳುತ್ತದೆ. ಅದನ್ನು ಈ ಕೋಳಿಗೆ ಯಾರು ಹೇಳಿದರು? ಮೊದಲ ಸಲ ತತ್ತಿ ಇಟ್ಟ ಪ್ರಾಯದ ಹ್ಯಾಟಿಯೂ ತಪ್ಪದೆ ಮಾಡುತ್ತದೆ.

ವಾರ ಕಳೆದ ಮೇಲೆ ಒಂದು ರಾತ್ರಿ ಬೆಳಕು ಹಿಡಿದು ನೋಡುವ ಕೆಲಸ. ಅವ್ವ ಬೆಳಕಿಂಡಿಯ ಬಿಸಿಲುಕೋಲಿಗೆ ಹಿಡಿದು ನೋಡುತ್ತಿದ್ದಳು, ನಾನು ಮೊಬೈಲಿನ ಬ್ಯಾಟರಿಗೆ. ಕತ್ತಲಲ್ಲಿ ತತ್ತಿ ಕೆಂಪಗೆ ಹೊತ್ತಿಕೊಳ್ಳುತ್ತದೆ. ನಡುವೆ ಒಂದು ಕಪ್ಪು ಚುಕ್ಕಿ, ಸುತ್ತ ಜೇಡರ ಬಲೆಯಂತೆ ಸಣ್ಣ ನರಗಳು. ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಚುಕ್ಕಿ ಮಿಸುಕುತ್ತದೆ. ಏನೂ ಕಾಣದೆ ಬರೀ ತಿಳಿಯಾಗಿ ಹೊಳೆದದ್ದು ಬಂಜೆ ತತ್ತಿ, ತೆಗೆದುಬಿಡುತ್ತೇನೆ. ಕೊನೆಯ ಎರಡು ದಿನ ಕಿವಿಗೆ ಹಬ್ಬ. ಒಡೆಯದ ತತ್ತಿಯೊಳಗಿಂದಲೇ ಮರಿ ಚಿಂವ್ ಎನ್ನುತ್ತದೆ, ತಾಯಿ ಮೇಲಿಂದ ಸಣ್ಣ ದನಿಯಲ್ಲಿ ಉತ್ತರ ಕೊಡುತ್ತದೆ. ಹುಟ್ಟುವ ಮೊದಲೇ ಇಬ್ಬರಿಗೂ ಗುರುತಾಗಿರುತ್ತದೆ.

ಈಗ ಊರೂರಿಗೆ ಗಿರಿರಾಜ ಬಂದಿದೆ, 2005ರಲ್ಲಿ ಬಂದ ಸ್ವರ್ಣಧಾರಾ ಇದೆ. ಎರಡೂ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ತಳಿಗಳು. ಜವಾರಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ತತ್ತಿ ಇಟ್ಟರೆ ಹೆಚ್ಚು. ಸ್ವರ್ಣಧಾರಾ ಅದರ ಮೂರು ಪಟ್ಟು ಇಡುತ್ತದೆ. ಆ ಹೆಚ್ಚಳದ ಹಿಂದೆ ಇರುವ ಒಂದು ಕಾರಣವೆಂದರೆ ಅವು ಕಾವು ಕೂಡುವುದಿಲ್ಲ. ಕಾವಿಗೆ ಕೂತ ಕೋಳಿ ತತ್ತಿ ಇಡುವುದಿಲ್ಲ, ಮರಿ ತಿರುಗಿಸುವಾಗಲೂ ಇಡುವುದಿಲ್ಲ. ಆದ್ದರಿಂದ ಸುಧಾರಿಸಿದ ತಳಿಯಲ್ಲಿ ಆ ಗುಣವನ್ನೇ ಕಡಿಮೆ ಮಾಡಿದ್ದಾರೆ. ಸಂಸಾರ ನಡೆಸುವವರಿಗೆ ಅದು ದೊಡ್ಡ ಆಸರೆ, ನಾನು ಬೇಡವೆನ್ನುವುದಿಲ್ಲ. ಆದರೆ ನನ್ನ ಮನಸ್ಸು ಜವಾರಿಯ ಕಡೆಗೇ ಜಗ್ಗುತ್ತದೆ. ಮರಿ ಮಾಡಿಕೊಳ್ಳುವುದು, ಸಾಕುವುದು, ಕಲಿಸುವುದು, ಎಲ್ಲ ಅದಕ್ಕೆ ಗೊತ್ತು.

ಕಲಿಸುವುದನ್ನು ನೋಡಬೇಕು! ಹುಟ್ಟಿದ ಮರಿಯ ಹೊಟ್ಟೆಯಲ್ಲಿ ತತ್ತಿಯ ಹಳದಿ ಇನ್ನೂ ಉಳಿದಿರುತ್ತದೆ, ಎರಡು ದಿನ ಏನೂ ತಿನ್ನದಿದ್ದರೂ ನಡೆಯುತ್ತದೆ. ಮೂರನೆಯ ದಿನ ತಾಯಿ ಹಿತ್ತಲಿಗೆ ಕರೆತಂದು ನೆಲ ಕೆದರಿ, ಕಾಳನ್ನು ಕೊಕ್ಕಿನಲ್ಲಿ ಎತ್ತಿ ಬೀಳಿಸಿ ಬೀಳಿಸಿ ಕರೆಯುತ್ತದೆ. ನಾನು ಜೋಳದ ನುಚ್ಚು ಚೆಲ್ಲುತ್ತೇನೆ. ತವರಲ್ಲಿ ಹಳೆಯ ಗಡಿಗೆಗೆ ಸಗಣಿ, ಹಸಿ ಹುಲ್ಲು ತುಂಬಿ ರಾತ್ರಿ ನೆಲದ ಮೇಲೆ ಬೋರಲು ಹಾಕುತ್ತಿದ್ದೆವು. ಬೆಳಿಗ್ಗೆ ಎತ್ತಿದರೆ ತುಂಬ ಗೆದ್ದಲು, ಮರಿಗಳಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ. ಅಪಾಯಕ್ಕೂ ತಾಯಿಯ ಮಾತು ಬೇರೆ ಬೇರೆ. ಮೇಲೆ ಹದ್ದು ಸುಳಿದರೆ ಒಂದೇ ಎಳೆಯ ಉದ್ದ ದನಿ, ಮರಿಗಳು ಚಕ್ಕಡಿಯ ಕೆಳಗೆ ಸೇರಿ ಅಲುಗದೆ ನಿಲ್ಲುತ್ತವೆ. ನೆಲದ ಮೇಲೆ ಬೆಕ್ಕೋ ಮುಂಗುಸಿಯೋ ಬಂದರೆ ಕೊಕ್ ಕೊಕ್ ಕೊಕ್ ಎಂದು ತುಂಡು ತುಂಡು ಕೂಗು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ಆಕಾಶ ನೋಡಬೇಕೋ ಬಣವಿಯ ಕಡೆ ನೋಡಬೇಕೋ ಎಂದು ನನಗೂ ತಿಳಿಯುತ್ತದೆ.

ಮರಿಗಳಿಗೆ ಮೊದಲ ವಾರದಲ್ಲೇ ಕೊಕ್ಕರೆ ರೋಗದ ಲಸಿಕೆ ಆಗಬೇಕು, ಕಣ್ಣಿಗೆ ಒಂದು ಹನಿ. ಆ ರೋಗ ಹೊಕ್ಕರೆ ಓಣಿಗೆ ಓಣಿಯೇ ಬರಿದಾಗುತ್ತದೆ. ಒಂದು ಸೀಸೆ ನೂರು ಮರಿಗಳಿಗೆ ಆಗುತ್ತದೆ, ಕಲಸಿದ ಮೇಲೆ ಬಹಳ ಹೊತ್ತು ಇಡಲು ಬರುವುದಿಲ್ಲ. ಹಾಗಾಗಿ ದನದ ದವಾಖಾನೆಯಿಂದ ಸೀಸೆ ತರುವ ದಿನ ಓಣಿಯ ಮರಿಗಳೆಲ್ಲ ಬುಟ್ಟಿಗಳಲ್ಲಿ ನಮ್ಮ ಕಟ್ಟೆಗೆ ಬರುತ್ತವೆ.

ಎರಿ ಮಣ್ಣಿನಲ್ಲಿ ಕೋಳಿ ಸಾಕುವವರಿಗೆ ಇನ್ನೊಂದು ಕೆಲಸವಿದೆ, ಕಲಘಟಗಿಯಲ್ಲಿ ಅದು ನನಗೆ ಗೊತ್ತೇ ಇರಲಿಲ್ಲ. ಮಳೆ ಬಿದ್ದ ಮರುದಿನ ಕೋಳಿಯ ಬೆರಳಿಗೆ ಮಣ್ಣು ಮೆತ್ತಿ, ಒಣಗಿ, ಉಂಡೆಗಟ್ಟಿ ಕಲ್ಲಾಗುತ್ತದೆ. ಜಗ್ಗಿದರೆ ಉಗುರೇ ಕಿತ್ತು ಬರುತ್ತದೆ. ಮಡಿಲಲ್ಲಿ ಹಿಡಿದುಕೊಂಡು ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಅದ್ದಿ, ನೆನೆದ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಬಿಡಿಸಬೇಕು. ಕಪ್ಪು ಮಣ್ಣು ಕರಗಿ ಒಳಗಿಂದ ಅರಿಸಿನದ ಬಣ್ಣದ ಕಾಲು ಹೊರಬರುತ್ತದೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಈ ಹಳದಿ ಬಣ್ಣದ ವಂಶವಾಹಿ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಬೂದು ಕಾಡುಕೋಳಿ ಭಾರತದ ಹಕ್ಕಿ, ಕಲಘಟಗಿಯಿಂದ ಯಲ್ಲಾಪುರದ ಕಡೆ ಹೋದರೆ ಸಿಗುವ ಕಾಡುಗಳದ್ದು. ಇದನ್ನು ಓದಿದಂದಿನಿಂದ ನನ್ನ ಕೋಳಿಗಳ ಕಾಲಿನಲ್ಲಿ ತವರಿನ ಗುರುತು ಕಾಣುತ್ತದೆ.

ಸುಗ್ಗಿಯಲ್ಲಿ ಕೆಂಪು ಮೆಣಸಿನಕಾಯಿ ಒಣಹಾಕಿದಾಗ ಕೋಳಿಗಳಿಗೆ ಅದರ ಬೀಜವೇ ಬೇಕು. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ತಟ್ಟುವುದಿಲ್ಲ. ನಾವು ಸೀನುತ್ತ ಓಡಿಸಿದರೂ ಅವು ಸಿಪ್ಪೆ ಸಮೇತ ಮೇಯುತ್ತವೆ. ಆ ದಿನಗಳ ತತ್ತಿ ಒಡೆದರೆ ಒಳಗಿನ ಹಳದಿ ಕೆಂಪಿಗೆ ತಿರುಗಿರುತ್ತದೆ.

ಮರಿಗಳಿಗೆ ರೆಕ್ಕೆ ಬಲಿತ ಮೇಲೆ, ಎರಡು ತಿಂಗಳ ಹೊತ್ತಿಗೆ, ತಾಯಿ ಕುಕ್ಕಿ ದೂರ ಮಾಡುತ್ತದೆ, ಮತ್ತೆ ತತ್ತಿಗೆ ಬರುತ್ತದೆ. ಆಗಲೇ ಓಣಿಯವರ ಕಣ್ಣು ಅದರ ಮೇಲೆ. ಮೊನ್ನೆ ಎದುರುಮನೆಯ ಹುಡುಗಿ ಸೆರಗಿನಲ್ಲಿ ಗಿರಿರಾಜ ತತ್ತಿ ಕಟ್ಟಿಕೊಂಡು ಬಂದಿದ್ದಳು. "ಅಕ್ಕಾರ, ನಿಮ್ಮ ಕೆಂಪು ಕೋಳಿ ಕಾವಿಗೆ ಬಂದ್ರ ನಮ್ಮವೂ ಇಡ್ರೆಲಾ, ಅರ್ಧ ಮರಿ ನಿಮಗ." ತತ್ತಿ ಅಷ್ಟು ದಿನ ತಾಳುವುದಿಲ್ಲ, ಅವನ್ನು ಮನೆಗೆ ಒಯ್ದು ಮಕ್ಕಳಿಗೆ ಮಾಡಿಹಾಕು, ಕೋಳಿ ಕೂತ ದಿನ ನಾನೇ ಕೂಗಿ ಹೇಳುತ್ತೇನೆ, ಅಂದಿನ ಹೊಸ ತತ್ತಿ ತಾ ಎಂದು ಕಳಿಸಿದೆ. ಅರ್ಧ ಮರಿ ಬೇಡ, ಎರಡು ಹ್ಯಾಟಿಮರಿ ಕೊಟ್ಟರೆ ಸಾಕು ಎಂದೂ ಹೇಳಿದ್ದೇನೆ.